ಡಾಂಬರು ಗುಳಿಗೆಯ ಮಳೆಗಾಲ

ಕಳೆದ ತಿಂಗಳು ಕೋಲಸಿರ್ಸಿಯ ಒಂದು ಮನೆಗೆ ರಕ್ತ ತೆಗೆಯಲು ಹೋಗಿದ್ದೆ. ನಾನು ಶಿರಸಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡುವವನು. ವಾರಕ್ಕೆರಡು ದಿನ ಸಿದ್ದಾಪುರಕ್ಕೆ ಬಸ್ಸಿನಲ್ಲಿ ಹೋಗಿ, ಹಾಸಿಗೆ ಹಿಡಿದವರ ಮನೆಗೆ ಯಾರದಾದರೂ ಬೈಕು ಹತ್ತಿ ಹೋಗಿ ರಕ್ತ ತರುತ್ತೇನೆ. ಅವತ್ತು ಆ ಮನೆ ಮುಟ್ಟುವಷ್ಟರಲ್ಲಿ ಪೂರ್ತಿ ತೊಯ್ದಿದ್ದೆ. ಮನೆಯ ಹೆಂಗಸು ಒಳಗೆ ಹೋಗಿ ಕಪಾಟಿನಿಂದ ಒಗೆದು ಮಡಚಿಟ್ಟ ಒಂದು ಟವೆಲ್ಲು ತಂದುಕೊಟ್ಟರು. ಮುಖಕ್ಕೆ ಒತ್ತಿಕೊಂಡೆ. ಡಾಂಬರು ಗುಳಿಗೆಯ ವಾಸನೆ. ಬಟ್ಟೆಗೆ ನುಸಿ ಹಿಡಿಯದಿರಲಿ ಎಂದು ಟ್ರಂಕಿನಲ್ಲಿ ಹಾಕಿಡುತ್ತೇವಲ್ಲ, ಆ ಬಿಳಿ ಗುಳಿಗೆ.

ಟವೆಲ್ಲನ್ನು ಅಲ್ಲೇ ಕುರ್ಚಿಯ ಮೇಲೆ ಹಾಕಿದೆ. ಹಾಸಿಗೆ ಹಿಡಿದಿದ್ದ ಮುದುಕರ ಕೈಯಲ್ಲಿ ನರ ಹಗ್ಗದಷ್ಟು ದಪ್ಪಗೆ ಕಾಣುತ್ತಿತ್ತು. ಆದರೂ ಮೂರು ಸಲ ಚುಚ್ಚಿದೆ. ಹದಿನೆಂಟು ವರ್ಷದ ಕಸುಬಿನವನು ನಾನು. ಕೊನೆಗೆ ತಡೆಯಲಾಗದೆ ಕೇಳಿಬಿಟ್ಟೆ: "ಮನೆಯಲ್ಲಿ ಸಣ್ಣ ಮಕ್ಕಳು ಇದ್ದಾರಾ?"

"ಈಗ ಇಲ್ರಾ. ಮಗಳು ಬರೂ ತಿಂಗ್ಳು ಬಾಳಂತನಕ್ಕೆ ಬರ್ತಾಳೆ" ಅಂದರು.

ಆ ಗುಳಿಗೆಗಳನ್ನೆಲ್ಲ ತೆಗೆದು ಎಸೆಯಿರಿ, ಬಟ್ಟೆಗಳನ್ನು ಒಗೆದು ಬಿಸಿಲಿಗೆ ಹಾಕದೆ ಮಗುವಿನ ಹತ್ತಿರಕ್ಕೂ ತರಬೇಡಿ ಎಂದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಈ ಮಳೆಗಾಲದಲ್ಲಿ ಬಿಸ್ಲು ಎಲ್ಲಿಂದ ತರೂದು ಮಾರಾಯ್ರಾ?" ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಬಿಸಿಲಿನ ಈ ಪ್ರಶ್ನೆಯನ್ನು ಆರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಆ ವರ್ಷ ನನ್ನ ತಂಗಿ ಸುಜಾತ ಬಸುರಿ. ಯಲ್ಲಾಪುರ ತಾಲೂಕಿನ ಉಮ್ಮಚಗಿಗೆ ಅವಳನ್ನು ಕೊಟ್ಟದ್ದು. ಭಾವ ಶ್ರೀಧರ ಅಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ. ಮದುವೆಯಾಗಿ ಏಳು ವರ್ಷಕ್ಕೆ ನಿಂತ ಬಸಿರು. ಹೆರಿಗೆಗೆ ತವರಿಗೆ ಬಂದಳು. ತವರೆಂದರೆ ಶಿರಸಿ ಪೇಟೆಯ ಒಂದು ಗಲ್ಲಿಯಲ್ಲಿ ಬಾಡಿಗೆಯ ಎರಡು ಕೋಣೆ, ಒಂದು ಬಚ್ಚಲು, ಮುಂದಿನ ಕಟ್ಟೆಯ ಮೇಲೆ ಆಯಿಯ ಹೊಲಿಗೆ ಯಂತ್ರ. ಅಪ್ಪಯ್ಯ ಬೇಗ ತೀರಿಹೋದ ಮೇಲೆ, ಆ ಯಂತ್ರ ತುಳಿದೇ ನಮ್ಮಿಬ್ಬರನ್ನು ಸಾಕಿದ ತಾಯಿ ಅವಳು. ನಾನು ಮದುವೆಯಾಗಲಿಲ್ಲ. ಹಾಗಾಗಿ ಆ ಮನೆಗೆ ಬರಲಿದ್ದ ಕೂಸು ಎಂದರೆ ಅದೊಂದೇ.

ಆಯಿಯ ಹತ್ತಿರ ಅವಳ ಅಜ್ಜಿಯ ನಾಲ್ಕು ನೂಲಿನ ಸೀರೆಗಳಿದ್ದವು. ಆ ಅಜ್ಜಿ ತೊಂಬತ್ತಾರು ವರ್ಷ ಬದುಕಿದವಳು, ಸಾಯುವ ಹಿಂದಿನ ದಿನವೂ ತಾನೇ ಮಿಂದವಳು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಬಹುಕಾಲ ಬದುಕಿದವರು ಉಟ್ಟು ಮೆತ್ತಗಾದ ಸೀರೆಯನ್ನು ಹರಿದು ಸುತ್ತಬೇಕು, ಅವರ ಆಯಸ್ಸು ಕೂಸಿಗೆ ಬರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಆಯಿ ಆ ಸೀರೆಗಳನ್ನು ಬಂಗಾರಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅವಳ ಜೋಪಾನವೆಂದರೆ ಹೊಗೆ. ಪ್ರತಿ ಮಳೆಗಾಲದಲ್ಲೂ ಸೀರೆಗಳನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕುವಳು. ಕೂಸಿನ ಬಟ್ಟೆ ಒಣಗಿಸುವುದೂ ಹಾಗೇ. ಕೆಂಡದ ಬಾಣಲೆಯ ಮೇಲೆ ಬಿದಿರಿನ ಬುಟ್ಟಿ ಕವುಚಿ, ಕೆಂಡಕ್ಕೆ ಚಿಟಿಕೆ ಧೂಪ ಉದುರಿಸಿ, ಬುಟ್ಟಿಯ ಮೇಲೆ ಬಟ್ಟೆ ಹರಡುವುದು. ಸೀರೆ ಸ್ವಲ್ಪ ಕಂದಾಗುತ್ತಿತ್ತು. ಆದರೆ ಬೂಸಲಾಗಲೀ ನುಸಿಯಾಗಲೀ ಹತ್ತಿರ ಸುಳಿಯುತ್ತಿರಲಿಲ್ಲ.

ನನಗೆ ಅದು ಕೊಳಕು ಅನ್ನಿಸುತ್ತಿತ್ತು. ನಾನು ಡಿಪ್ಲೊಮಾ ಮಾಡಿದವನು, ಸೂಕ್ಷ್ಮದರ್ಶಕ ನೋಡುವವನು. ಆ ಬೇಸಿಗೆಯಲ್ಲಿ ಆಯಿಗೆ ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಹೊಗೆ ಕೂಸಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಕೂಸಿನ ಬಟ್ಟೆಗೆ ಮಸಿ ತಾಗಬಾರದು, ಕಾಲ ಬದಲಾಗಿದೆ ಎಂದೆಲ್ಲ. ಆಯಿ ಹೊಲಿಗೆ ನಿಲ್ಲಿಸದೆ ಕೇಳಿಸಿಕೊಂಡು, "ಓದಿ ಓದಿ ಮರುಳಾದ ಕೂಚಂಭಟ್ಟ ಹೇಳಿ ಸುಮ್ನೆ ಹೇಳಿದ್ವಿಲ್ಲೆ" ಎಂದು ನಕ್ಕಳು. ಆದರೆ ನನ್ನ ಮಾತನ್ನು ಮೀರಲಿಲ್ಲ. ಮಗ ರಕ್ತ ಬಲ್ಲವನು ಎಂಬ ಹೆಮ್ಮೆ ಅವಳಿಗೆ ಎಷ್ಟಿತ್ತೆಂದರೆ, ಗಲ್ಲಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರಿಗಿಂತ ಮೊದಲು ನನ್ನನ್ನು ಕೇಳಿಸುತ್ತಿದ್ದಳು.

ನಾನೇ ಪೇಟೆಯಿಂದ ಗುಳಿಗೆಯ ಪೊಟ್ಟಣ ತಂದೆ. ನಾನೇ ಟ್ರಂಕನ್ನು ಒರೆಸಿ, ಸೀರೆಗಳನ್ನು ಮಡಚಿ, ಒಂದೊಂದು ಮಡಿಕೆಗೂ ಎರಡೆರಡು ಗುಳಿಗೆ ಇಟ್ಟೆ. ಉಳಿದವು ವ್ಯರ್ಥವಾಗುತ್ತವಲ್ಲ ಎಂದು ಅವನ್ನೂ ಮೇಲಿನಿಂದ ಸುರಿದು ಮುಚ್ಚಳ ಹಾಕಿದೆ.

ಜೂನ್ ಕೊನೆಯಲ್ಲಿ ಗಂಡು ಕೂಸು ಹುಟ್ಟಿತು. ಮಳೆ ಆಗಲೇ ಹಿಡಿದು ಕೂತಿತ್ತು. ಮೂರನೆಯ ದಿನ ಸುಜಾತ ಕೂಸಿನೊಂದಿಗೆ ಮನೆಗೆ ಬಂದಾಗ ಆಯಿ ಟ್ರಂಕು ತೆಗೆದಳು. ಇಡೀ ಕೋಣೆ ಘಮ್ಮೆಂದಿತು. ಹೊಸ ಮಸಿಯಿಲ್ಲದೆ, ಮಡಿಕೆ ಮುರಿಯದೆ ಬಂದ ಸೀರೆಗಳನ್ನು ಕಂಡು ಅವಳಿಗೇ ಆಶ್ಚರ್ಯ. "ನೀ ಹೇಳಿದ್ದು ಖರೆ ಆತು ನೋಡು, ಒಂದು ಚುಕ್ಕೆ ಬೂಸಲಿಲ್ಲೆ" ಅಂದಳು. ಒಂದು ಸೀರೆಯನ್ನು ಬಿಸಿನೀರಿನಲ್ಲಿ ಜಾಲಾಡಿ, ಫ್ಯಾನಿನ ಕೆಳಗೆ ಒಣಗಿಸಿ, ಚೌಕ ಚೌಕವಾಗಿ ಹರಿದು ಕೂಸಿಗೆ ಸುತ್ತಿದಳು. ತೊಟ್ಟಿಲಿಗೂ ಅದೇ, ತಲೆಗೂ ಅದೇ. ಹೆಸರಿಡಲು ಇನ್ನೂ ದಿನವಿತ್ತು. ಅಲ್ಲಿಯವರೆಗೆ ಅಪ್ಪಿ ಎಂದು ಕರೆದೆವು. ನಾನು ಕೆಲಸದಿಂದ ಬಂದು ಕೈ ತೊಳೆದು ಅವನನ್ನು ಎತ್ತಿಕೊಳ್ಳುತ್ತಿದ್ದೆ. ಆ ಸೀರೆಯ ತುಂಡಿನೊಳಗೆ ಅವನ ಮುಖ ಹಿಡಿಯಷ್ಟೇ ಇತ್ತು. ನಾನು ನನ್ನ ಜೀವಮಾನದಲ್ಲಿ ಅಷ್ಟು ಸಂತೋಷವಾಗಿದ್ದ ದಿನಗಳು ಬೇರೆ ಇಲ್ಲ. ಎರಡೂವರೆ ದಿನ.

ಐದನೆಯ ದಿನ ಅಪ್ಪಿಯ ಕಣ್ಣು ಹಳದಿಯಾಯಿತು. ಎಲ್ಲರ ಮನೆಯಲ್ಲೂ ಆಗುವುದೇ ಎಂದಳು ಆಯಿ. ನಾನೂ ಹೌದೆಂದೆ, ಪುಸ್ತಕದಲ್ಲೂ ಹಾಗೇ ಇದೆ. ಬೇಸಿಗೆಯಾಗಿದ್ದರೆ ಎಳೆಬಿಸಿಲಿಗೆ ಹಿಡಿಯುತ್ತಿದ್ದೆವು. ಆರನೆಯ ದಿನ ಮಧ್ಯಾಹ್ನ ಸುಜಾತ ಪ್ರಯೋಗಾಲಯಕ್ಕೆ ಫೋನು ಮಾಡಿದಳು. "ಅಣ್ಣಾ, ಅಪ್ಪಿ ಸರಿ ಹಾಲು ಕುಡಿತ್ನಿಲ್ಲೆ. ಉಚ್ಚೆ ಬಟ್ಟೆಗೆ ಚಾದಂಥ ಕಲೆ ಬಿದ್ದಿದ್ದು."

ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಹೇಳಿದೆ. ಅವರು ಕಾಮಾಲೆಯ ಮಟ್ಟ ನೋಡಬೇಕೆಂದು ರಕ್ತ ತೆಗೆಸಿ, ತುರ್ತು ಎಂದು ಬರೆದು ನಮ್ಮಲ್ಲಿಗೇ ಕಳಿಸಿದರು. ಸಂಜೆ ಐದರ ಹೊತ್ತಿಗೆ ಪುಟ್ಟ ಕೊಳವೆ ನನ್ನ ಕೈಗೆ ಬಂತು. ಯಂತ್ರಕ್ಕೆ ಹಾಕಿ ತಿರುಗಿಸಿದೆ. ರಕ್ತವನ್ನು ಹೀಗೆ ತಿರುಗಿಸಿದರೆ ಕೆಂಪು ಕಣಗಳು ಕೆಳಗೆ ಕೂರುತ್ತವೆ, ಮೇಲೆ ಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಕಾಮಾಲೆಯಾದರೆ ತಿಳಿ ಅರಿಸಿನದ ಹಾಗೆ. ಇಲ್ಲಿ ತಿಳಿಯೇ ಕೆಂಪಗಿತ್ತು, ಕೋಕಂ ನೀರಿನ ಹಾಗೆ.

ನಮ್ಮ ಕಸುಬಿನಲ್ಲಿ ಇದಕ್ಕೆ ರಕ್ತ ಒಡೆದಿದೆ ಎನ್ನುತ್ತೇವೆ. ನೂರಕ್ಕೆ ತೊಂಬತ್ತು ಸಲ ಅದು ರಕ್ತ ತೆಗೆದವರ ತಪ್ಪು. ಎಳೆಗೂಸಿನ ಹಿಮ್ಮಡಿಯನ್ನು ಜೋರಾಗಿ ಹಿಂಡಿದರೆ, ಸೂಜಿ ಸಣ್ಣದಾದರೆ, ಕೊಳವೆ ಕುಲುಕಿದರೆ ಕಣಗಳು ಒಡೆದುಬಿಡುತ್ತವೆ. ಅಂಥ ರಕ್ತವನ್ನು ನಾವು ಪರೀಕ್ಷೆ ಮಾಡುವುದಿಲ್ಲ, ತಿರಸ್ಕರಿಸಿ ಮತ್ತೆ ತರಿಸುತ್ತೇವೆ. ಹೀಗೆ ವಾಪಸು ಕಳಿಸುವುದರಲ್ಲಿ ನಾನು ಹೆಸರುವಾಸಿ. ಶಿರಸಿಯ ನರ್ಸುಗಳು ನನಗೆ ಹೆದರುತ್ತಿದ್ದರು, ಅದು ನನಗೆ ಇಷ್ಟವೂ ಆಗಿತ್ತು. ಕೂಡಲೇ ಫೋನು ತೆಗೆದು ಆ ನರ್ಸನ್ನು ಬೈದೆ.

"ನಾನು ಸರಿಯಾಗೇ ತೆಗ್ದಿದ್ದೆ ಸರ್. ಹಿಂಡ್ಲೇ ಇಲ್ಲ, ತಾನಾಗೇ ಬಂತು" ಎಂದಳು ಪಾಪ.

"ಹತ್ತು ವರ್ಷದಿಂದ ಎಲ್ಲರೂ ಇದನ್ನೇ ಹೇಳ್ತಾರೆ" ಎಂದು ಇಟ್ಟುಬಿಟ್ಟೆ.

ಒಡೆದದ್ದು ಕೊಳವೆಯಲ್ಲಲ್ಲ, ಕೂಸಿನ ಮೈಯೊಳಗೇ ಎಂದು ನನಗೆ ಹೊಳೆಯಲಿಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ಕಾಣುತ್ತಿತ್ತು. ಐದು ನಿಮಿಷದ ಕೆಲಸ. ನೋಡಲಿಲ್ಲ. ಡಾಕ್ಟರು ಆಗಲೇ ಹೆರಿಗೆಯ ತುರ್ತಿಗೆ ಹೋಗಿದ್ದರು. ನಾನು ಸುಜಾತಳಿಗೆ ಫೋನು ಮಾಡಿ, "ನಾಳೆ ಬೆಳಿಗ್ಗೆ ಮತ್ತೊಂದು ಸಲ ತೆಗೆಯಲೆ ಹೇಳ್ತಿ, ಈಗ ಮನೆಗೆ ಹೋಗು. ಥಂಡಿ ಇದ್ದು, ಅಪ್ಪಿಗೆ ಬೆಚ್ಚಗೆ ಸುತ್ತು" ಅಂದೆ. ಅವಳು ಸುತ್ತಿದಳು. ಎರಡು ಸುತ್ತು ಹೆಚ್ಚಿಗೆ.

ಬೆಳಿಗ್ಗೆ ಅಪ್ಪಿ ಹಾಲು ಮುಟ್ಟಲಿಲ್ಲ. ಅಳು ಸಪೂರವಾಗಿ, ಚುಚ್ಚುವ ಹಾಗೆ ಬರುತ್ತಿತ್ತು. ಬೆನ್ನು ಹಿಂದಕ್ಕೆ ಬಾಗಿತ್ತು. ಈ ಸಲ ನಾನೇ ರಕ್ತ ತೆಗೆದೆ, ಹೂವು ಕೀಳುವಷ್ಟು ಮೆಲ್ಲಗೆ. ತಿರುಗಿಸಿದೆ. ಮತ್ತೆ ಕೆಂಪು. ಬೈಯಲು ಈಗ ಯಾರೂ ಇರಲಿಲ್ಲ. ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ದುಂಡಗೆ ಇರಬೇಕಾದ ಕಣಗಳು ಇಲಿ ಕಚ್ಚಿದ ರೊಟ್ಟಿಗಳ ಹಾಗೆ ಅಂಚು ಹರಿದು ಬಿದ್ದಿದ್ದವು. ಕಾಮಾಲೆಯ ಮಟ್ಟ ಬರೆದ ಚೀಟಿಯನ್ನು ನಾನೇ ಡಾಕ್ಟರಿಗೆ ಒಯ್ದೆ.

ಡಾಕ್ಟರು ಕೂಡಲೇ ಹುಬ್ಬಳ್ಳಿಗೆ ಒಯ್ಯಲು ಹೇಳಿದರು. ಆಂಬುಲೆನ್ಸಿನಲ್ಲಿ ಸುಜಾತ, ನಾನು, ಕೂಸು. ಆಯಿ ಓಡಿಬಂದು, ದಾರಿಯಲ್ಲಿ ಒದ್ದೆಯಾದರೆ ಬೇಕು ಎಂದು ಒಂದು ಚೀಲ ಕೊಟ್ಟಳು. ಅದರ ತುಂಬ ಅದೇ ಸೀರೆಯ ತುಂಡುಗಳು. ಆ ಚೀಲವನ್ನು ನನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಯಲ್ಲಾಪುರದ ರಸ್ತೆ ಹಿಡಿದು, ಉಮ್ಮಚಗಿಯ ತಿರುವಿನಲ್ಲಿ ಮಳೆಯಲ್ಲಿ ನಿಂತಿದ್ದ ಭಾವನನ್ನು ಹತ್ತಿಸಿಕೊಂಡೆವು. ಅವನು ಕೂಸನ್ನು ನೋಡಿದ್ದು ಅದು ಎರಡನೆಯ ಸಲ. ಕಲಘಟಗಿ ದಾಟುವವರೆಗೂ ಬಟ್ಟೆ ಒದ್ದೆಯಾದಾಗಲೆಲ್ಲ ನಾನು ಚೀಲದಿಂದ ಒಂದೊಂದು ತುಂಡು ತೆಗೆದು ಸುಜಾತಳಿಗೆ ಕೊಡುತ್ತಾ ಹೋದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೂಸನ್ನು ತೆಗೆದುಕೊಂಡ ಹಿರಿಯ ನರ್ಸಮ್ಮ ಬಟ್ಟೆ ಬಿಚ್ಚಿದವಳೇ ಮೂಗಿಗೆ ಹಿಡಿದಳು. "ಈ ಬಟ್ಟಿ ಯಾಕ್ರೀ ಹಿಂಗ್ ನಾರತೈತಿ? ಟ್ರಂಕಿನ್ಯಾಗ ಗುಳಗಿ ಹಾಕಿ ಇಟ್ಟಿದ್ರೇನು?" ಎಂದಳು. ಉತ್ತರಕ್ಕೆ ಕಾಯದೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಹೊರಗೆ ಎಸೆಸಿದಳು. ಡಾಕ್ಟರು ಕೂಸಿನ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಬೇರೆಯವರ ರಕ್ತ ತುಂಬಿದರು. ಎರಡು ಸಲ.

ಮಾರನೆಯ ದಿನ ಅವರು ನನ್ನೊಬ್ಬನನ್ನೇ ಕೋಣೆಗೆ ಕರೆದರು. ಕೆಂಪು ಕಣಕ್ಕೆ ಸುಮಾರು ನೂರಿಪ್ಪತ್ತು ದಿನ ಆಯಸ್ಸು, ಎಳೆಗೂಸಿನದು ಇನ್ನೂ ಕಡಿಮೆ. ಅದು ನನಗೆ ಗೊತ್ತಿತ್ತು. ಕೆಲವರ ಕಣಗಳಲ್ಲಿ ವಿಷವನ್ನು ತಡೆಯುವ ಒಂದು ಕಿಣ್ವ ಹುಟ್ಟಿನಿಂದಲೇ ಕೊರತೆ. ಸುಮ್ಮನಿದ್ದರೆ ಅವರು ನಮ್ಮಂತೆಯೇ ಬದುಕುತ್ತಾರೆ. ಆದರೆ ಡಾಂಬರು ಗುಳಿಗೆಯ ಆವಿ ಉಸಿರಿನಿಂದ, ತೊಗಲಿನಿಂದ ಒಳಗೆ ಹೋದರೆ ಆ ಕಣಗಳೊಳಗಿನ ಕೆಂಪು ದ್ರವ್ಯ ಹುಳಿ ಬಿದ್ದ ಹಾಲಿನ ಹಾಗೆ ಗಂಟುಗಟ್ಟುತ್ತದೆ. ಕಣ ಹರಿಯುತ್ತದೆ. ಕೆಲವು ರಕ್ತದಲ್ಲೇ ಒಡೆಯುತ್ತವೆ. ಉಳಿದವು, ನಾನು ಸತ್ತೆ ಎಂಬ ಗುರುತನ್ನು ತಮ್ಮ ಮೈಮೇಲೆ ತಾವೇ ಹಾಕಿಕೊಂಡು, ಹೊಟ್ಟೆಯೊಳಗಿನ ಗುಲ್ಮ ನುಂಗಲಿ ಎಂದು ನಿಲ್ಲುತ್ತವೆ. ಎಲ್ಲ ಒಟ್ಟಿಗೆ ಸತ್ತಾಗ ಹುಟ್ಟುವ ಹಳದಿ ಮಿದುಳಿಗೆ ಏರುತ್ತದೆ. ಇಷ್ಟು ಹೇಳಿ ಡಾಕ್ಟರು ಕೇಳಿದರು: "ನೀವು ಲ್ಯಾಬಿನವ್ರು ಅಲ್ರೀ? ಒಂದು ದಿನ ಮೊದಲ ತಂದಿದ್ರ ಮಿದುಳು ಉಳೀತಿತ್ತೇನೋ. ಮೊದಲನೇ ಸ್ಯಾಂಪಲ್ ಯಾವಾಗ ನೋಡಿದ್ರಿ?"

ಸುಜಾತ ಕಾಯುತ್ತಿದ್ದಾಳೆ ಎಂದು ನಾನು ಎದ್ದು ಹೊರಗೆ ಬಂದೆ. ಅವರೂ ಒತ್ತಾಯಿಸಲಿಲ್ಲ.

ಹತ್ತನೆಯ ದಿನ ಅಪ್ಪಿ ಹೋದ. ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಸುತ್ತಿಕೊಟ್ಟರು. ಹೆಸರಿಡದ ಕೂಸು; ಕಾಗದದಲ್ಲಿ ಸುಜಾತಳ ಮಗು ಎಂದಷ್ಟೇ ಇತ್ತು. ಉಮ್ಮಚಗಿಯಲ್ಲಿ ಮಣ್ಣು ಮಾಡಿದೆವು. ತೋಡಿದ ಗುಂಡಿಗೆ ನೀರು ಒಸರುತ್ತಿತ್ತು, ಭಾವ ಎರಡು ಸಲ ಬೊಗಸೆಯಲ್ಲಿ ಮೊಗೆದು ಹೊರಗೆ ಹಾಕಿದ.

ಏನಾಯಿತು ಎಂದು ಎಲ್ಲರೂ ಕೇಳಿದ್ದು ನನ್ನನ್ನೇ. ನಾನು ಹೇಳಿದೆ: ರಕ್ತದ ದೋಷ. ಹುಟ್ಟಿನಿಂದ ಬರುವಂಥದು, ತಾಯಿಯ ಕಡೆಯಿಂದ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಗುಳಿಗೆಯ ಮಾತು ಎತ್ತಲಿಲ್ಲ. ಕೆಂಪಗಿದ್ದ ಆ ಮೊದಲ ಕೊಳವೆಯ ಮಾತಂತೂ ಇಲ್ಲವೇ ಇಲ್ಲ. ಆಸ್ಪತ್ರೆಯ ಫೈಲು ಇಂಗ್ಲಿಷಿನಲ್ಲಿತ್ತು, ನನ್ನ ಹತ್ತಿರವೇ ಉಳಿಯಿತು, ಯಾರೂ ಕೇಳಲಿಲ್ಲ. ನಾನು ಹೇಳಿದ ಅರ್ಧ ಸತ್ಯ ಉಮ್ಮಚಗಿಯ ಮನೆಮನೆಗೂ ಹೋಗಿ ಮುಟ್ಟಿತು. ಸುಜಾತಳ ಅತ್ತೆ ಕೆಟ್ಟವರಲ್ಲ, ಆದರೆ ನಾಲಿಗೆಗೆ ಎಲುಬಿಲ್ಲ. ಬೇರಿನಲ್ಲೇ ಹುಳ ಇದ್ದರೆ ಹಣ್ಣಾಗುವುದು ಹೇಗೆ ಎಂದು ಬಂದವರ ಎದುರಿಗೇ ಅಂದರಂತೆ. ಸುಜಾತಳಿಗೆ ಮತ್ತೆ ಮಕ್ಕಳಾಗಲಿಲ್ಲ. ಆಗಲಿಲ್ಲವೋ ಅವಳೇ ಬೇಡವೆಂದಳೋ ಕೇಳುವ ಧೈರ್ಯ ನನಗಿಲ್ಲ.

ಆಯಿ ಉಳಿದ ಸೀರೆಗಳನ್ನು ಬಚ್ಚಲ ಒಲೆಗೆ ಹಾಕಿದಳು. ಅಜ್ಜಿ ತನ್ನ ಆಯಸ್ಸನ್ನು ಯಾರಿಗೂ ಬಿಟ್ಟುಕೊಡಲಿಲ್ಲ ಎಂದು ಅವಳ ಎಣಿಕೆ. ನಾನು ಆ ಹೊತ್ತಿಗೆ ನನ್ನ ರಕ್ತವನ್ನೂ ಹುಬ್ಬಳ್ಳಿಗೆ ಕಳಿಸಿ ನೋಡಿಸಿದ್ದೆ. ನನಗೂ ಅದೇ ಕೊರತೆ. ಒಂದು ದಿನ, ಸುಮ್ಮನೆ ಕೇಳುವವನ ಹಾಗೆ, ನಾನು ಹುಟ್ಟಿದಾಗ ಕಾಮಾಲೆ ಆಗಿತ್ತೇ ಎಂದು ಕೇಳಿದೆ.

"ಎಂತದೂ ಆಗಿತ್ತಿಲ್ಲೆ" ಅಂದಳು ಆಯಿ. "ನೀನೂ ಮಳೆಗಾಲದಲ್ಲೇ ಹುಟ್ಟಿದ್ದೆ. ನಿಂಗೆ ಸುತ್ತಿದ್ದೂ ಅದೇ ಅಜ್ಜಿ ಸೀರೆನೇ. ಆನು ದಿನಾ ಹೊಗೆ ಕೊಡ್ತಿದ್ದಿ."

ಅಷ್ಟು ಹೇಳಿ ಅವಳು ಸೂಜಿಗೆ ದಾರ ಪೋಣಿಸಲು ಕೊಟ್ಟಳು. ಎರಡು ವರ್ಷದ ಹಿಂದೆ ಆಯಿ ತೀರಿಹೋದಳು, ಏನೂ ತಿಳಿಯದೆಯೇ. ಅವಳು ಸತ್ತಾಗ ನನಗೆ ಅಳುವಿನ ಜೊತೆ ಒಂದು ಹಗುರವೂ ಆಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕೋಲಸಿರ್ಸಿಯ ಆ ಹೆಂಗಸಿಗೆ ಹೇಳಿಬಂದ ಮೇಲೆ ಒಂದೇ ಮಾತು ತಲೆಯಲ್ಲಿ ಸುತ್ತತೊಡಗಿತು. ಗುರುತಿಲ್ಲದವರಿಗೆ ಹೇಳಲು ಬಾಯಿ ಬಂತು, ಒಡಹುಟ್ಟಿದವಳಿಗೆ ಬರಲಿಲ್ಲ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಉಮ್ಮಚಗಿಗೆ ಹೋದೆ. ಭಾವ ಗ್ಯಾರೇಜಿಗೆ ಹೋಗಿದ್ದ, ಅತ್ತೆ ಸಂಬಂಧಿಕರ ಮನೆಯಲ್ಲಿದ್ದರು. ಸುಜಾತ ತೆಳ್ಳೇವು, ನಮ್ಮ ಕಡೆಯ ತೆಳು ದೋಸೆ, ಎರೆಯುತ್ತಿದ್ದಳು. ಬಾಳೆಲೆಯ ಮೇಲೆ ಒಂದು ಹಾಕಿ, ಜೋನಿಬೆಲ್ಲ ಬಡಿಸಿ, "ಬಿಸಿ ಇದ್ದಾಗ್ಲೇ ತಿನ್ನು" ಅಂದಳು. ನಾನು ತಿನ್ನದೆ ಗುಳಿಗೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನರ್ಸಮ್ಮ ಮೂಸಿದ್ದು, ಡಾಕ್ಟರು ಹೇಳಿದ್ದು, ನನ್ನ ರಕ್ತದಲ್ಲೂ ಅದೇ ಇದ್ದದ್ದು. ಅತ್ತೆಗೂ ಭಾವನಿಗೂ ನಾನೇ ಹೇಳುತ್ತೇನೆ, ತಪ್ಪು ನಿನ್ನದಲ್ಲ ಎಂದೆ.

ಅವಳು ಕಾವಲಿಯ ಮೇಲಿನದನ್ನು ಎಬ್ಬಿಸಿ ಮಡಚಿದಳು. ಒಲೆಯ ಉರಿ ತಗ್ಗಿಸಿ ಅಂದಳು: "ಈಗ ಹೇಳಿ ಎಂತ ಮಾಡವು ಅಣ್ಣಾ? ಆ ಸೀರೆ ವಾಸನೆಗೆ ಯಂಗೆ ತಲೆ ತಿರುಗ್ತಿತ್ತು. ಆಯಿ ಹತ್ರ ಒಂದ್ಸಲ ಹೊಗೆ ಕೊಡು ಹೇಳವು ಅಂದ್ಕಂಡಿದ್ದಿ. ನೀ ತಂದು ಇಟ್ಟಿದ್ದು ಹೇಳಿ ಸುಮ್ನಾದಿ. ನಿಂಗೆ ಎಲ್ಲ ಗೊತ್ತಿರ್ತು ಹೇಳಿ."

ಅವಳು ಸೌಟಿನಲ್ಲಿ ಹಿಟ್ಟು ತಿರುಗಿಸುತ್ತಾ, ನನ್ನನ್ನು ನೋಡದೆ, ಇನ್ನೊಂದು ಕೇಳಿದಳು. ಆರು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದಳೆಂದು ದನಿಯಲ್ಲೇ ತಿಳಿಯುತ್ತಿತ್ತು. "ಮೊದ್ಲನೇ ದಿನ ಅಪ್ಪಿ ರಕ್ತ ತೆಗ್ದು ಕೊಟ್ಟಿದ್ದ ಅಲ್ದಾ. ನೀನು ನೋಡದೇ ಮನೆಗೆ ಹೋಗು ಅಂದೆ. ಎಂತಕ್ಕೆ?"

ಇದನ್ನೂ ಹೇಳಲೆಂದೇ ಬಂದಿದ್ದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಯೂ ಇಟ್ಟುಕೊಂಡಿದ್ದೆ.

"ಅವತ್ತು ಕರೆಂಟು ಇತ್ತಿಲ್ಲೆ" ಅಂದೆ. "ಯಂತ್ರ ತಿರುಗಿದ್ದಿಲ್ಲೆ."

"ಹೌದನಾ" ಅಂದಳು ಸುಜಾತ. ಕಾವಲಿಗೆ ಎಣ್ಣೆ ಸವರಿ ಇನ್ನೊಂದು ಎರೆದಳು. "ಮಳೆಗಾಲ ಅಲ್ದಾ, ನೀನಾದ್ರೂ ಎಂತ ಮಾಡ್ತೆ."

ನನ್ನ ಎಲೆಗೆ ಬಿಸಿಯದನ್ನು ಹಾಕಿ, ಆರಿದ್ದನ್ನು ತನ್ನ ಎಲೆಗೆ ಎತ್ತಿಕೊಂಡಳು. ನಾನು ತಲೆ ತಗ್ಗಿಸಿ ತಿಂದೆ. ಅವತ್ತು ಶಿರಸಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಕರೆಂಟು ಇತ್ತು.